ಇಪ್ಪತ್ತೊಂದು ಸೋಲಿನ ಕೋಚ್‌ನನ್ನು ನೋಡಲು ವೇಕೊಗೆ

ಡಲ್ಲಾಸ್ ಕಡೆಯ ಕನ್ನಡಿಗರಿಗೆ ವೇಕೊ ಅಂದರೆ ಆಸ್ಟಿನ್‌ಗೆ ಹೋಗುವಾಗ ನಡುವೆ ಸಿಗುವ ಊರು. ಐ-35 ಹೆದ್ದಾರಿಯಲ್ಲಿ ಇತ್ತ ಸುಮಾರು ನೂರು ಮೈಲಿ, ಅತ್ತ ಸುಮಾರು ನೂರು ಮೈಲಿ. ಗ್ಯಾಸ್ ತುಂಬಿಸಿ, ಕಾಲು ನೀವಿಕೊಂಡು ಮತ್ತೆ ಗಾಡಿ ಹತ್ತುವ ಜಾಗ. ಅಲ್ಲಿಗೇ ಅಂತ ಹೊರಡುವವರು ಕಡಿಮೆ. 2024ರ ಜನವರಿ 2ರಂದು ನಾವು ಅಲ್ಲಿಗೇ ಅಂತ ಹೊರಟೆವು. ಬೇಲರ್ ಯೂನಿವರ್ಸಿಟಿಯ ಹೊಸ ಬ್ಯಾಸ್ಕೆಟ್‌ಬಾಲ್ ಸ್ಟೇಡಿಯಂ ಫಾಸ್ಟರ್ ಪೆವಿಲಿಯನ್‌ನಲ್ಲಿ ಅವತ್ತು ಮೊದಲ ಆಟ. ಎದುರಾಳಿ ಕಾರ್ನೆಲ್.

ಗಾಡಿ ಓಡಿಸಿದ್ದು ಮಂಗಳೂರಿನ ನನ್ನ ಗೆಳೆಯ. ಅವನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಆಟವೇ ಅಲ್ಲ. ಹಿಂದಿನ ಸೀಟಿನಲ್ಲಿ ನನ್ನ ಮಗಳು. ಅವಳು ತನ್ನ ಹೈಸ್ಕೂಲ್ ಟೀಮಿಗೆ ಆಡುತ್ತಾಳೆ. ಆ ಟೀಮು ಆ ಸೀಸನ್ ಪೂರ್ತಿ ಸೋಲುತ್ತಲೇ ಇತ್ತು, ಹಾಗಾಗಿ ಬ್ಯಾಸ್ಕೆಟ್‌ಬಾಲ್ ಮಾತು ಎತ್ತಿದರೆ ಮುಖ ಗಂಟು. ನನಗೋ ಆಟಕ್ಕಿಂತ ಬೇಲರ್ ಕೋಚ್‌ನನ್ನು ನೋಡುವ ಆಸೆ ಜಾಸ್ತಿ. ಸ್ಕಾಟ್ ಡ್ರೂ ಅಂತ ಆ ಮನುಷ್ಯನ ಹೆಸರು.

ವೇಕೊ ಇನ್ನೂ ಇಪ್ಪತ್ತು ಮೈಲಿ ಇದೆ ಅನ್ನುವಾಗ ವೆಸ್ಟ್ ಅನ್ನುವ ಸಣ್ಣ ಊರು ಬರುತ್ತದೆ. ಚೆಕ್ ಜನ ವಲಸೆ ಬಂದು ನೆಲೆಸಿದ ಊರು. ಅಲ್ಲಿ ಚೆಕ್ ಸ್ಟಾಪ್ ಅನ್ನುವ ಬೇಕರಿಯಲ್ಲಿ ಕೊಲಾಚಿ ತಿನ್ನದೆ ಮುಂದೆ ಹೋಗುವವರು ಅಪರೂಪ. ಮೆತ್ತಗಿನ ಬನ್ನು, ನಡುವೆ ಗುಳಿ, ಗುಳಿಯಲ್ಲಿ ಏಪ್ರಿಕಾಟ್ ಅಥವಾ ಗಸಗಸೆ ಹೂರಣ. ಗಸಗಸೆಯದ್ದು ತಿಂದರೆ ನಮ್ಮವರಿಗೆ ಊರಿನ ಪಾಯಸ ನೆನಪಾಗದೆ ಇರದು. ಸಾಲು ಉದ್ದ ಇತ್ತು. ಸಾಲಿನಲ್ಲಿ ನಿಂತು ಮಗಳಿಗೆ ಡ್ರೂ ಕಥೆ ಶುರು ಮಾಡಿದೆ.

2003ರ ಬೇಸಿಗೆಯಲ್ಲಿ ಬೇಲರ್ ಟೀಮಿನ ಆಟಗಾರ ಪ್ಯಾಟ್ರಿಕ್ ಡೆನೆಹಿ ಕಾಣೆಯಾದ. ಜುಲೈ ಕೊನೆಗೆ ವೇಕೊ ಹತ್ತಿರ ಅವನ ಶವ ಸಿಕ್ಕಿತು. ಕೊಂದವನು ಅದೇ ಟೀಮಿನ ಹುಡುಗ. ಅದರ ಬೆನ್ನಿಗೇ ಇನ್ನೊಂದು ಬಯಲಾಯಿತು. ಆಗಿನ ಕೋಚ್ ಡೇವ್ ಬ್ಲಿಸ್ ನಿಯಮ ಮೀರಿ ಆಟಗಾರರ ಫೀಸು ಕಟ್ಟಿದ್ದರು. ಅದನ್ನು ಮುಚ್ಚಿಹಾಕಲು, ಸತ್ತ ಹುಡುಗ ಡ್ರಗ್ಸ್ ಮಾರಿ ಫೀಸು ಕಟ್ಟಿಕೊಂಡ ಅಂತ ಹೇಳಿ ಎಂದು ಉಳಿದ ಆಟಗಾರರಿಗೆ ಪಾಠ ಹೇಳಿಕೊಟ್ಟರು. ಸಹಾಯಕ ಕೋಚ್ ಒಬ್ಬರು ಅದನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರಿಂದ ಸತ್ಯ ಹೊರಬಂತು. ಒಳ್ಳೆಯ ಆಟಗಾರರೆಲ್ಲ ಬೇರೆ ಕಾಲೇಜಿಗೆ ಹೋದರು. ಜಾನ್ ಲ್ಯೂಕಸ್ ಒಕ್ಲಹೋಮ ಸ್ಟೇಟ್‌ಗೆ, ಲಾರೆನ್ಸ್ ರಾಬರ್ಟ್ಸ್ ಮಿಸ್ಸಿಸ್ಸಿಪ್ಪಿ ಸ್ಟೇಟ್‌ಗೆ.

ಆ ಆಗಸ್ಟ್‌ನಲ್ಲಿ ಡ್ರೂ ಬಂದರು. 32 ವಯಸ್ಸು. ಇಂಡಿಯಾನಾದ ವಾಲ್ಪರೇಸೊ ಯೂನಿವರ್ಸಿಟಿಯಲ್ಲಿ, ಕೋಚ್ ಆಗಿದ್ದ ಅಪ್ಪ ಹೋಮರ್ ಡ್ರೂ ಕೈಕೆಳಗೆ ಕೆಲಸ ಕಲಿತು, ಅಲ್ಲೇ ಒಂದೇ ಒಂದು ಸೀಸನ್ ಹೆಡ್ ಕೋಚ್ ಆಗಿದ್ದ ಅನುಭವ. ಮನೆಯಲ್ಲಿ ಹೆಸರು ಮಾಡಿದ ಆಟಗಾರ ಎಂದರೆ ತಮ್ಮ ಬ್ರೈಸ್. 1998ರ ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಕೊನೇ ಗಳಿಗೆಯ ಬಾಲ್ ಹಾಕಿ ವಾಲ್ಪರೇಸೊವನ್ನು ಗೆಲ್ಲಿಸಿದ್ದು ಇವತ್ತಿಗೂ ಪ್ರತಿ ಮಾರ್ಚ್‌ನಲ್ಲಿ ಟಿವಿಯಲ್ಲಿ ಬರುತ್ತದೆ. ಅಣ್ಣ ಕಾಲೇಜು ಟೀಮಿನಲ್ಲಿ ಆಡಿದವರೇ ಅಲ್ಲ.

"ಮತ್ತೆ ಟೀಮ್‌ಗೆ ಜನ ಎಲ್ಲಿಂದ ತಂದರು?" ಅಂದಳು ಮಗಳು.

ಕಾಲೇಜಿನಲ್ಲೇ ಓದುತ್ತಿದ್ದ ಸಾಮಾನ್ಯ ಹುಡುಗರನ್ನು ಕರೆದು ಸೆಲೆಕ್ಷನ್ ಮಾಡಿದರು. ಉಳಿದಿದ್ದ ಬೆರಳೆಣಿಕೆಯ ಆಟಗಾರರ ಜೊತೆ ಅವರನ್ನೂ ಸೇರಿಸಿಕೊಂಡು ಸೀಸನ್ ಮುಗಿಸಿದರು. 8 ಗೆಲುವು, 21 ಸೋಲು. ನನಗೆ ಈ ಕೋಚ್ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ. ಯಾಕೆಂದರೆ ಅಂಥ ಸೆಲೆಕ್ಷನ್‌ನಿಂದ ಟೀಮಿಗೆ ಬಂದವನು ನಾನು.

ನಾನು ಓದಿದ್ದು ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಸಿಮೆಂಟ್ ಕೋರ್ಟು, ಬಲೆ ಇಲ್ಲದ ರಿಂಗು, ಒಂದು ಕಡೆಯ ಬೋರ್ಡು ಸ್ವಲ್ಪ ವಾಲಿತ್ತು. ಟೀಮು ವಿಟಿಯು ಟೂರ್ನಮೆಂಟಿಗೆ ಹೋಗಿ ಮೊದಲ ಆಟದಲ್ಲೇ ಸೋತು ಬರುವುದು ಪದ್ಧತಿ. ಹೊಸದಾಗಿ ಬಂದ ಪಿ.ಡಿ. ಸರ್, ಅಂದರೆ ಆಟದ ಮೇಷ್ಟ್ರು, ಹಾಸ್ಟೆಲ್ ಮೆಸ್‌ನ ಬಾಗಿಲಲ್ಲಿ ನಿಂತರು. ಬಾಗಿಲ ಚೌಕಟ್ಟಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು. ತಲೆ ಆ ಗೀಟು ದಾಟಿದವನನ್ನು ತಟ್ಟೆ ಸಮೇತ ಪಕ್ಕಕ್ಕೆ ಕರೆಯುತ್ತಿದ್ದರು. "ಬೆಳಿಗ್ಗೆ ಐದೂವರೆಗೆ ಕೋರ್ಟಿಗೆ ಬಾ. ಶೂ ಇಲ್ಲ ಅಂದರೆ ಬರಿಗಾಲಲ್ಲಿ ಬಾ." ನನ್ನ ಕೈಯಲ್ಲಿ ಆಗ ಉಪ್ಪಿಟ್ಟಿನ ತಟ್ಟೆ. ಬಾಲ್ ಹಿಡಿದ ಅಭ್ಯಾಸವೇ ಇರಲಿಲ್ಲ. ಹೀಗೆ ಆರಿಸಿದವರಲ್ಲಿ ಒಬ್ಬ ಕೊನೆಯವರೆಗೂ ಬಾಲನ್ನು ಎರಡೂ ಕೈಯಲ್ಲಿ ಡ್ರಿಬಲ್ ಮಾಡುತ್ತಿದ್ದ. ರಿಂಗಿಗೆ ತಾಗಿ ವಾಪಸ್ ಬಂದ ಬಾಲ್ ಹಿಡಿಯುವುದರಲ್ಲಿ ಅವನೇ ನಮ್ಮ ಅತ್ಯುತ್ತಮ ಆಟಗಾರ.

ಕೊಲಾಚಿ ಡಬ್ಬಿ ಹಿಡಿದು ಗಾಡಿ ಹತ್ತಿದೆವು. ಮುಂದಿನ ಕಥೆ ಇನ್ನೂ ಕಷ್ಟದ್ದು. ಎರಡನೇ ಸೀಸನ್‌ನಲ್ಲಿ ಬಿಗ್ 12 ಲೀಗ್‌ನೊಳಗೆ ಬೇಲರ್ ಗೆದ್ದಿದ್ದು ಒಂದು, ಸೋತಿದ್ದು 15. ಹಳೇ ಹಗರಣಕ್ಕೆ ಶಿಕ್ಷೆ ಬಂದಿದ್ದು ಅದಾದ ಮೇಲೆ. 2005-06ರಲ್ಲಿ ಲೀಗ್ ಹೊರಗಿನ ಒಂದು ಆಟವನ್ನೂ ಆಡುವಂತಿಲ್ಲ ಅಂತ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಆದೇಶ. ಬೇರೆ ಟೀಮುಗಳು ನವೆಂಬರ್‌ನಿಂದ ಆಡುತ್ತಿದ್ದರೆ ಇವರು ಜನವರಿವರೆಗೆ ಬರೀ ಪ್ರಾಕ್ಟೀಸ್. ತಪ್ಪು ಮಾಡಿದವರು ಊರು ಬಿಟ್ಟಾಗಿತ್ತು, ದಂಡ ಕಟ್ಟಿದ್ದು ಹೊಸಬರು. ಆ ವರ್ಷ 4 ಗೆಲುವು, 13 ಸೋಲು.

"ಮಾರಾಯ, ಐಪಿಎಲ್‌ನಲ್ಲಾದರೆ ಇಷ್ಟೊತ್ತಿಗೆ ಮೂರು ಕೋಚ್ ಬದಲಾಗ್ತಿದ್ದರು" ಅಂದ ಗೆಳೆಯ. ನಿಜವೇ. ಆದರೆ ಬೇಲರ್ ಡ್ರೂ ಅವರನ್ನು ಉಳಿಸಿಕೊಂಡಿದ್ದಕ್ಕೆ ಬರೀ ದೊಡ್ಡ ಮನಸ್ಸು ಕಾರಣ ಅಂತ ನನಗೆ ಅನಿಸುವುದಿಲ್ಲ. ಅಂಥ ಕೆಲಸಕ್ಕೆ ಬೇರೆ ಯಾರು ಬರುತ್ತಿದ್ದರು ಹೇಳಿ. ಕಳೆದುಕೊಳ್ಳಲು ಏನೂ ಉಳಿಯದ ಕಾಲೇಜಿಗೆ ಕಾಯುವುದು ಸುಲಭ. ಒಂದೆರಡು ಸಲ ಗೆದ್ದು ರುಚಿ ಹತ್ತಿದ ಮೇಲೇ ತಾಳ್ಮೆ ಕೆಡುವುದು.

ಅದನ್ನು ನಾನು ನಮ್ಮ ಕಾಲೇಜಿನಲ್ಲೇ ನೋಡಿದ್ದೇನೆ. ಪಿ.ಡಿ. ಸರ್ ಬಂದ ಮೂರನೇ ವರ್ಷಕ್ಕೆ ನಾವು ಝೋನ್ ಫೈನಲ್ ತಲುಪಿದೆವು. ನೋಟಿಸ್ ಬೋರ್ಡಿನಲ್ಲಿ ಫೋಟೊ, ಪ್ರಿನ್ಸಿಪಾಲರ ಭಾಷಣ ಎಲ್ಲ ಆಯಿತು. ಮರುವರ್ಷ ಎರಡನೇ ಸುತ್ತಿಗೇ ಸೋತು ಬಂದೆವು. ಸರ್ ಅವರ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಕೋರ್ಟ್ ಇದ್ದ ಜಾಗ ಈಗ ಟೂ ವೀಲರ್ ಪಾರ್ಕಿಂಗ್.

ಬ್ರಾಜೋಸ್ ನದಿಯ ಪಕ್ಕದಲ್ಲೇ ಫಾಸ್ಟರ್ ಪೆವಿಲಿಯನ್. 7,500 ಸೀಟು. ಹಳೆಯ ಫೆರೆಲ್ ಸೆಂಟರ್‌ನಲ್ಲಿ ಹತ್ತು ಸಾವಿರಕ್ಕಿಂತ ಜಾಸ್ತಿ ಇದ್ದವು. ಸಣ್ಣದು ಕಟ್ಟಿದ್ದು ಬೇಕಂತಲೇ. ಜನ ಕೋರ್ಟಿಗೆ ಹತ್ತಿರ ಇರಬೇಕು, ಕೂಗು ಒಳಗೇ ಸುತ್ತಬೇಕು. ಫಾಸ್ಟರ್ ದಂಪತಿ ಇದಕ್ಕೆ 10 ಕೋಟಿ ಡಾಲರ್ ಕೊಟ್ಟಿದ್ದಾರೆ ಅಂದಾಗ ಗೆಳೆಯ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿ ಸುಮ್ಮನಾದ. ಬೇಲರ್ ಟೀಮಿನ ಹೆಸರು ಬೇರ್ಸ್, ಅಂದರೆ ಕರಡಿಗಳು; ಕೋರ್ಟಿನ ಪಕ್ಕ ವಿದ್ಯಾರ್ಥಿಗಳು ಬೆರಳು ಮಡಚಿ ಕರಡಿ ಪಂಜ ಮಾಡಿಕೊಂಡು ಕೈ ಅಲ್ಲಾಡಿಸುತ್ತಿದ್ದರು. ಐದು ನಿಮಿಷದಲ್ಲಿ ಗೆಳೆಯನೂ ಪಂಜ ಎತ್ತಿದ್ದ.

ನಾನು ಬಾಲ್ ಬಿಟ್ಟು ಬೆಂಚ್ ನೋಡುತ್ತಾ ಕುಳಿತೆ. ಡ್ರೂ ಒಂದು ಕ್ಷಣ ಕುಳಿತುಕೊಳ್ಳುವುದಿಲ್ಲ. ಮೊಣಕಾಲು ಬಗ್ಗಿಸಿ ಕುಕ್ಕರಗಾಲಿನಲ್ಲಿ ಕೂತಂತೆ ಮಾಡುತ್ತಾರೆ, ಎದ್ದು ಚಪ್ಪಾಳೆ ತಟ್ಟುತ್ತಾರೆ, ಗೆರೆಯ ಅಂಚಿನವರೆಗೆ ಓಡುತ್ತಾರೆ. ಒಬ್ಬ ಹುಡುಗ ಸುಲಭದ ಪಾಸ್ ಕೈಬಿಟ್ಟ. ಅವನನ್ನು ಹೊರಗೆ ಕರೆಸಿದರು. ನಮ್ಮ ಕಡೆ ಆಗಿದ್ದರೆ ಬೈಗುಳದ ಮಳೆ. ಇವರು ಕೈಗೆ ಕೈ ತಟ್ಟಿದರು, ಭುಜ ಹಿಡಿದು ಕಿವಿಯಲ್ಲಿ ಎರಡು ಮಾತು ಹೇಳಿದರು, ಆಮೇಲೆ ಸಹಾಯಕ ಕೋಚ್ ಒಬ್ಬರು ಅವನ ಪಕ್ಕಕ್ಕೆ ಬಂದು ಕೂತರು. ಸ್ವಲ್ಪ ಹೊತ್ತಿಗೆ ಅದೇ ಹುಡುಗ ಮತ್ತೆ ಒಳಗೆ. ಮಗಳು ಮೊಣಕೈಯಿಂದ ತಿವಿದಳು. "ನಮ್ಮ ಕೋಚ್ ಆಗಿದ್ದರೆ ಇಡೀ ಆಟ ಕೂರಿಸ್ತಿದ್ದರು."

ಆಟ ಬೇಲರ್ ಆರಾಮಾಗಿ ಗೆದ್ದಿತು. ಆ ಟೀಮಿನಲ್ಲಿ ಟೊಲೀಡೊದಿಂದ ಬಂದ ರೇಜೇ ಡೆನಿಸ್ ಇದ್ದ, ಕ್ಯಾಮರೂನ್‌ನ ಈವ್ ಮಿಸ್ಸಿ ಇದ್ದ, ಹೊಸ ಹುಡುಗ ಜಕೋಬಿ ವಾಲ್ಟರ್ ಇದ್ದ. ಮಿಸ್ಸಿ, ವಾಲ್ಟರ್ ಇಬ್ಬರೂ ಅದೇ ವರ್ಷ ವೃತ್ತಿಪರ ಲೀಗ್ ಎನ್‌ಬಿಎಯ ಟೀಮುಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದರು.

ವಾಪಸ್ ಬರುವಾಗ ಉಳಿದ ಕಥೆ. 2008ರಲ್ಲಿ ಬೇಲರ್ ದೇಶದ ಕಾಲೇಜು ಚಾಂಪಿಯನ್ನನ್ನು ತೀರ್ಮಾನಿಸುವ ಎನ್‌ಸಿಎಎ ಟೂರ್ನಮೆಂಟ್ ತಲುಪಿತು, 20 ವರ್ಷದ ಮೇಲೆ. ಅದೇ ಜನವರಿಯಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ ಐದು ಓವರ್‌ಟೈಮ್ ಆಡಿ 116-110ಕ್ಕೆ ಗೆದ್ದಿದ್ದರು. 2010, 2012ರಲ್ಲಿ ಕೊನೆಯ ಎಂಟರವರೆಗೆ ಹೋದರು. ಆದರೂ ಡ್ರೂ ಬಗ್ಗೆ ಒಂದು ಕೊಂಕು ಮಾತು ನಿಲ್ಲಲೇ ಇಲ್ಲ. ಹುಡುಗರನ್ನು ಒಪ್ಪಿಸಿ ಕರೆತರೋದು ಗೊತ್ತು, ಆಡಿಸೋದು ಗೊತ್ತಿಲ್ಲ ಅಂತ. 2015ರಲ್ಲಿ ಜಾರ್ಜಿಯಾ ಸ್ಟೇಟ್‌ಗೆ ಒಂದೇ ಅಂಕದಿಂದ, 2016ರಲ್ಲಿ ಯೇಲ್‌ಗೆ ಮೊದಲ ಸುತ್ತಿನಲ್ಲೇ ಸೋತಾಗ ಆ ಮಾತು ಇನ್ನೂ ಜೋರಾಯಿತು. 2020ರಲ್ಲಿ 26 ಗೆಲುವು, 4 ಸೋಲು ಇದ್ದಾಗ ಕೋವಿಡ್ ಬಂದು ಟೂರ್ನಮೆಂಟೇ ರದ್ದು. 2021ರ ಏಪ್ರಿಲ್ 5ರ ಫೈನಲ್‌ನಲ್ಲಿ ಎದುರಿಗೆ ಗೊನ್ಜಾಗ, 31 ಆಟ ಆಡಿ ಒಂದೂ ಸೋತಿರಲಿಲ್ಲ. ಬೇಲರ್ ಶುರುವಿಗೇ 9-0 ಮಾಡಿ 86-70ಕ್ಕೆ ಮುಗಿಸಿತು. ಜಾರೆಡ್ ಬಟ್ಲರ್ 22 ಅಂಕ. ಆಮೇಲೆ ಆ ಕೊಂಕು ಮಾತು ಆಡಿದವರನ್ನು ನಾನು ಕಂಡಿಲ್ಲ.

ನಾವು ಹೋಗಿ ಬಂದ ಮೂರು ತಿಂಗಳಿಗೆ ಕೆಂಟಕಿಯ ಕೋಚ್ ಜಾಗ ಖಾಲಿಯಾಯಿತು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ಕುರ್ಚಿ ಕಡಿಮೆ. ಡ್ರೂ ಬೇಡ ಅಂದು ವೇಕೊದಲ್ಲೇ ಉಳಿದರು. ಆದರೆ ಆಟಗಾರರು ಉಳಿಯುವ ಕಾಲ ಹೋಯಿತು. ಮೊದಲು ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು, ಈಗ ಆ ನಿಯಮ ಇಲ್ಲ. ಜೊತೆಗೆ ಆಟಗಾರರಿಗೆ ದುಡ್ಡೂ ಬಂತು. 2025ರ ವಸಂತಕ್ಕೆ ಬೇಲರ್ ಟೀಮು ಹೆಚ್ಚುಕಡಿಮೆ ಖಾಲಿಯಾಗಿ, ಡ್ರೂ ಮತ್ತೆ ಮೊದಲಿನಿಂದ ಹುಡುಗರನ್ನು ಸೇರಿಸಬೇಕಾಯಿತು.

ಈ ವಿಷಯಕ್ಕೆ ಗೆಳೆಯನಿಗೂ ನನಗೂ ಇನ್ನೂ ಜಗಳ. ಆ 1-15 ವರ್ಷದಲ್ಲಿ ಬೇಲರ್‌ಗೆ ಆಡಿದ ಒಬ್ಬ ಹುಡುಗ ಆರನ್ ಬ್ರೂಸ್, ಆಸ್ಟ್ರೇಲಿಯಾದವನು. ಮೊದಲ ವರ್ಷವೇ ಆಟಕ್ಕೆ ಸರಾಸರಿ 18 ಅಂಕ ಹೊಡೆದ. ಎಲ್ಲಿಗಾದರೂ ಹೋಗಬಹುದಿತ್ತು. ಹೋಗಲಿಲ್ಲ. ಅರ್ಧ ಸೀಸನ್ನಿನ ಶಿಕ್ಷೆಯನ್ನೂ ಅನುಭವಿಸಿ, ನಾಲ್ಕನೇ ವರ್ಷ, 2008ರಲ್ಲಿ, ಟೂರ್ನಮೆಂಟ್ ಆಡಿ ಹೊರಟ. ಟೀಮು ಕಟ್ಟಿದ್ದು ಡ್ರೂ ಎಷ್ಟೋ ಇವನೂ ಅಷ್ಟೇ ಅನ್ನುವುದು ನನ್ನ ವಾದ. "ಇವತ್ತಾಗಿದ್ದರೆ ಅವನು ಮಾರನೇ ವರ್ಷವೇ ದುಡ್ಡು ಕೊಡುವ ಕಡೆ ಹೋಗ್ತಿದ್ದ, ಹೋಗಲೂಬೇಕು" ಅನ್ನುತ್ತಾನೆ ಗೆಳೆಯ. ಮಗಳು ಈ ಜಗಳದಲ್ಲಿ ಅವನ ಕಡೆ.