ಹಾಜರಿ ಹಾಳೆಯಲ್ಲಿ ಅಮ್ಮನ ಸಹಿ

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ನೀರೆಲ್ಲ ಕೊಟ್ಟಿಗೆಗೆ ನುಗ್ಗಿತು. ಪಂಚಾಯಿತಿ ಆಫೀಸಿಗೆ ಹೋಗಿ ಕೇಳಿದೆ. "ಗ್ರಾಮಸಭೇಲಿ ಹೇಳ್ಬೇಕಿತ್ತಲ್ಲ, ಈ ವರ್ಷದ ಕ್ರಿಯಾ ಯೋಜನೆ ಆಗ್ಲೇ ಹೋಯ್ತು" ಅಂದರು.

ಗ್ರಾಮಸಭೆ ನಡೆದದ್ದು ಯಾವಾಗ? ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೋಟಿಸ್ ಹಾಕಿದ್ದೆವು ಎಂದು ತೋರಿಸಿದ್ದು ಆಫೀಸಿನ ಒಳಗಿನ ಬೋರ್ಡನ್ನು. ಹೊಲಕ್ಕೆ, ಗಾರ್ಮೆಂಟ್ಸ್‌ಗೆ ಹೋಗುವವರು ಊರಿಗೆ ವಾಪಸ್ ಬರುವ ಹೊತ್ತಿಗೆ ಆ ಬಾಗಿಲಿಗೆ ಬೀಗ ಬಿದ್ದಿರುತ್ತದೆ.

ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಸಲೇಬೇಕು ಎಂದು ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಅದು ಮತದಾರರ ಸಭೆ. ಮತದಾರರಿಗೇ ತಿಳಿಯದೆ ಅದು ಹೇಗೆ ನಡೆಯಿತು ಎನ್ನುವುದು ತಲೆಯಲ್ಲಿ ಕೊರೆಯತೊಡಗಿತು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮೂನೆ 'ಎ', ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಬರೆದದ್ದು ಮೂರೇ ಸಾಲು: ಆ ಗ್ರಾಮಸಭೆಯ ನೋಟಿಸು, ನಡಾವಳಿ, ಹಾಜರಿ ಹಾಳೆ ನೋಡಬೇಕು, ನಕಲು ಬೇಕು. ಕಾಯ್ದೆಯ ಪ್ರಕಾರ ಉತ್ತರಕ್ಕೆ 30 ದಿನ. 26ನೇ ದಿನ ಬನ್ನಿ ಎಂದು ಫೋನ್ ಬಂತು. 2005ರ ಈ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ಎಷ್ಟೋ ಮಾಹಿತಿಯನ್ನು ಯಾರೂ ಕೇಳದೆಯೇ ಜನರ ಮುಂದಿಡಬೇಕು. ಅದು ಆಗಿದ್ದರೆ ನಾನು ಪೋಸ್ಟಾಫೀಸಿಗೆ ಹೋಗುವ ಅಗತ್ಯವೇ ಇರುತ್ತಿರಲಿಲ್ಲ ಅಲ್ವಾ?

ಉದ್ದನೆಯ ನಡಾವಳಿ ಪುಸ್ತಕ, ಮೂಲೆಗಳು ಸವೆದಿದ್ದವು. ಗ್ರಾಮಸಭೆಯ ಪುಟಗಳಲ್ಲಿ ಹದಿಮೂರು ವಿಷಯ. ಪ್ರತಿಯೊಂದರ ಕೆಳಗೂ ಒಂದೇ ಸಾಲು: "ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು." ಯಾರು ಏನು ಕೇಳಿದರು ಎಂದು ಒಂದು ಕಡೆಯೂ ಇಲ್ಲ.

ಹಾಜರಿ ಹಾಳೆ ತಿರುಗಿಸಿದೆ. ಎರಡನೇ ಪುಟದ ನಡುವಿನಲ್ಲಿ ಅಮ್ಮನ ಸಹಿ. ನನಗೆ ಅದು ಚೆನ್ನಾಗಿ ಗೊತ್ತು. ಅಮ್ಮ ಬರೆಯಲು ಕಲಿತದ್ದು ನಲವತ್ತು ದಾಟಿದ ಮೇಲೆ, ಸಾಕ್ಷರತೆಯ ರಾತ್ರಿ ಪಾಠದಲ್ಲಿ. ದೊಡ್ಡ ದೊಡ್ಡ ಅಕ್ಷರ, ಕೊನೆಯ ಕೊಂಬು ಗೆರೆ ದಾಟಿ ಪಕ್ಕದವರ ಸಾಲಿಗೆ ಹೋಗುತ್ತದೆ. ನಕಲಿಗೆ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ತಂದೆ.

ಅಮ್ಮನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ಡೈರಿ ಹತ್ರ ಹಾಲು ಹಾಕೋಕೆ ನಿಂತಿದ್ವಿ. ಪಂಚಾಯ್ತಿಯೋರು ಹಾಳೆ ತಂದ್ರು, ಸುಮ್ನೆ ಒಂದು ಸಹಿ ಹಾಕಿ ಅಂದ್ರು. ನಾವೆಲ್ಲ ಹಾಕಿದ್ವಿ" ಎಂದರು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಅದು ಇದಾ?" ಎಂದು ಕೇಳಿದರು. ಆ ರಾತ್ರಿ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಅಷ್ಟು ಕಷ್ಟಪಟ್ಟು ಕಲಿತ ಅಕ್ಷರ ಅವು. ನನಗೆ ಚರಂಡಿಗಿಂತ ಜಾಸ್ತಿ ನೋವಾದದ್ದು ಅದೇ.

ಮಾರನೇ ವಾರ ನಮ್ಮ ಬೀದಿಯ ಹನ್ನೊಂದು ಜನ ಸೇರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಅರ್ಜಿ ಕೊಟ್ಟೆವು. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟ್ಯಾಂಡ್, ಈ ಮೂರು ಕಡೆ ನೋಟಿಸ್ ಅಂಟಿಸಿ, ಹಿಂದಿನ ದಿನ ಸಂಜೆ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿ ಎಂದು. ಅವರು ಹೊಸಬರು. ಓದಿ, "ಖರ್ಚೇನೂ ಜಾಸ್ತಿ ಇಲ್ಲ, ಮಾಡೋಣ" ಎಂದರು.

ಮುಂದಿನ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಆಯಿತು. ಹಾಕಿದ್ದ ಕುರ್ಚಿ ಸಾಲದೆ ಹೆಂಗಸರು ಜಗಲಿಯ ಮೇಲೆ ಕುಳಿತರು. ಹಾಜರಿ ಹಾಳೆ ಅಮ್ಮನ ಕೈಗೆ ಬಂತು. ಅಮ್ಮ ಪೆನ್ನು ಹಿಡಿದುಕೊಂಡೇ ಕುಳಿತರು.

"ಮೊದಲು ಓದಿ ಹೇಳಿ ಸ್ವಾಮಿ. ಆಮೇಲೆ ಹಾಕ್ತೀನಿ."

ಕಾರ್ಯದರ್ಶಿ ಒಂದೊಂದೇ ವಿಷಯ ಓದಿದರು. ನಮ್ಮ ಬೀದಿಯ ಚರಂಡಿ ಒಂಬತ್ತನೆಯದಾಗಿ ಸೇರಿತು, ಕೇಳಿದವರ ಹೆಸರಿನ ಜೊತೆಗೆ. ಅಮ್ಮ ಆಗ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಬರೆದರು.