ಪಾಯಿನ್ಸೆಟಿಯಾ ಎರಡನೇ ವರ್ಷ ಯಾಕೆ ಕೆಂಪಾಗುವುದಿಲ್ಲ?

ಡಿಸೆಂಬರಿನಲ್ಲಿ ನರ್ಸರಿಯಿಂದ ತಂದಾಗ ಕುಂಡದ ತುಂಬ ಕೆಂಪು, ಮರುವರ್ಷ ಅದೇ ಗಿಡ ಬರೀ ಹಸಿರು. ಯಾವ ಗೊಬ್ಬರ ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಬೇಕಾದ್ದು ಗೊಬ್ಬರವಲ್ಲ, ಕತ್ತಲೆ.

ಕೆಂಪಗಿರುವುದು ಎಲೆಯೇ, ಹೂವೆಂದರೆ ನಡುವಿನ ಸಣ್ಣ ಹಳದಿ ಗುಂಡುಗಳು. ರಾತ್ರಿ ಸುಮಾರು 12 ಗಂಟೆಯಷ್ಟು ಉದ್ದವಾದರೆ ಮಾತ್ರ ಗಿಡ ಮೊಗ್ಗು ಕಟ್ಟುತ್ತದೆ, ಆಗಲೇ ತುದಿಯ ಎಲೆಗಳು ಬಣ್ಣ ತಿರುಗುತ್ತವೆ. ಮೆಕ್ಸಿಕೋ ಮೂಲದ ಈ ಪೊದೆಗೆ ನಮ್ಮೂರಿನ ಅಕ್ಟೋಬರ್ ರಾತ್ರಿಗಳೇ ಸಾಕು. ಕೆಡಿಸುವುದು ಬೀದಿದೀಪ, ಇಲ್ಲವೇ ರಾತ್ರಿಯಿಡೀ ಉರಿಯುವ ಬಾಲ್ಕನಿಯ ಬಲ್ಬು. ಅಕ್ಟೋಬರ್ ಮೊದಲ ವಾರದಿಂದ 8–10 ವಾರ, ಸಂಜೆ 6ರಿಂದ ಬೆಳಗ್ಗೆ 8ರವರೆಗೆ ಕುಂಡವನ್ನು ಕತ್ತಲೆ ಕೋಣೆಯಲ್ಲಿಡಿ, ಅಥವಾ ರಟ್ಟಿನ ಪೆಟ್ಟಿಗೆ ಕವುಚಿ. ಒಂದು ದಿನವೂ ತಪ್ಪಬಾರದು. ಹಗಲು ಒಳ್ಳೆಯ ಬಿಸಿಲು ಬೇಕು. ನೆಲದಲ್ಲಿ ನೆಡುವುದಾದರೆ ದೀಪದ ಬೆಳಕು ತಾಗದ ಮೂಲೆ ನೋಡಿಕೊಳ್ಳಿ.

ಇನ್ನೊಂದು ತಪ್ಪು ಕತ್ತರಿಯದ್ದು. ಮಳೆಗಾಲದಲ್ಲಿ ಗಿಡ ಅಡ್ಡಾದಿಡ್ಡಿ ಬೆಳೆಯಿತೆಂದು ಸೆಪ್ಟೆಂಬರ್ ಕೊನೆಗೆ ಸವರಿಬಿಡುತ್ತಾರೆ. ಹೊಸ ಚಿಗುರು ಬಲಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಕೆಂಪೆಲೆ ಉದುರಿದ ಮೇಲೆ, ಮಾರ್ಚ್‌–ಏಪ್ರಿಲ್‌ನಲ್ಲಿ, ನೆಲದಿಂದ ಗೇಣುದ್ದ ಬಿಟ್ಟು ಕತ್ತರಿಸಿ. ಆಮೇಲೆ ಪ್ರತಿ ಕವಲಿನಲ್ಲಿ 5–6 ಎಲೆ ಬಂದಾಗ ತುದಿ ಚಿವುಟುತ್ತಾ ಹೋಗಿ; ಆಗಸ್ಟ್ ಕೊನೆಗೆ ನಿಲ್ಲಿಸಿ. ಕತ್ತರಿಸಿದಲ್ಲಿ ಒಸರುವ ಬಿಳಿ ಹಾಲು ಕಣ್ಣಿಗೆ ತಾಗಿದರೆ ಉರಿ ಜೋರು, ಕೈಗವಸು ಹಾಕಿಕೊಳ್ಳಿ.

ಗಿಡ ಉದ್ದವಾಯಿತು ಎಂದು ಗಾಬರಿ ಬೇಡ. ನರ್ಸರಿಯಲ್ಲಿ ಬೆಳವಣಿಗೆ ತಡೆಯುವ ಔಷಧಿ ಹೊಡೆದು ಕುಳ್ಳಗಿಟ್ಟಿರುತ್ತಾರೆ. ಅದರ ಪ್ರಭಾವ ಇಳಿದ ಮೇಲೆ ಆಳೆತ್ತರ ದಾಟುವುದು ಇದರ ಸಹಜ ಗುಣ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಬೋಳಾದರೂ ಕಾಂಡವನ್ನು ಉಗುರಿನಿಂದ ಗೀರಿ ನೋಡಿ: ಒಳಗೆ ಹಸಿರಿದ್ದರೆ ಜೀವವಿದೆ. ಎಲೆಯಿಲ್ಲದ ಗಿಡಕ್ಕೆ ಹೆಚ್ಚು ನೀರು ಬೇಡ.

ಹಾಗೆ ನೋಡಿದರೆ ಈ ಗಿಡ ಸಾಯುವುದೇ ಹೆಚ್ಚು ನೀರಿನಿಂದ. ಕುಂಡಕ್ಕೆ ಸುತ್ತಿದ ಮಿಂಚುವ ಕಾಗದವನ್ನು ತಂದ ದಿನವೇ ಕಿತ್ತೆಸೆಯಿರಿ. ಅದರ ತಳದಲ್ಲಿ ನಿಂತ ನೀರು ವಾರ ಎರಡು ವಾರದಲ್ಲಿ ಬೇರು ಕೊಳೆಸುತ್ತದೆ. ಮೇಲಿನ ಒಂದಿಂಚು ಮಣ್ಣು ಒಣಗಿದಾಗಷ್ಟೇ ನೀರು ಹಾಕಿ. ಬಿಳಿನೊಣ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ದ್ರವ ಸೋಪು ಬೆರೆಸಿ ಎಲೆಯ ಅಡಿಗೆ ಸಿಂಪಡಿಸಿ, ಸಂಜೆ ಹೊತ್ತು.