ಹಾಡುವವರಿಲ್ಲ ಅಂದ್ರೆ ಕೆಲಸ ಸುಲಭ ಅಂದುಕೊಂಡಿದ್ದೆ

ಹೋದ ಬೇಸಿಗೆಯ ಆ ಶನಿವಾರ ನೆನಪಾದರೆ ಈಗಲೂ ಹೊಟ್ಟೆ ಹಿಂಡುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲ ತೀರದ ಒಂದು ಪಾರ್ಕಿನಲ್ಲಿ ಸಂಜೆಯ ಬಯಲು ಕಾರ್ಯಕ್ರಮ. ಎಫ್‌ಓಎಚ್‌ನಲ್ಲಿ, ಅಂದರೆ ಜನ ಕೇಳುವ ಸದ್ದನ್ನು ಮಿಕ್ಸ್ ಮಾಡುವ ಜಾಗದಲ್ಲಿ, ನಾನಿದ್ದೆ. ಬ್ಯಾಂಡಿನಲ್ಲಿ ಗಿಟಾರ್, ಬಾಸ್, ಡ್ರಮ್ಸ್, ಟೆನರ್ ಸ್ಯಾಕ್ಸ್, ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ). ಒಂದು ಟ್ಯೂನ್ ಸರ್ಫ್ (ಗಿಟಾರ್ ಮುಂದಿರುವ ಕಡಲ ತೀರದ ರಾಕ್), ಮುಂದಿನದು ಲೌಂಜ್ (ಮೆಲ್ಲನೆಯ, ಹಾಯಾದ ಸಂಗೀತ), ಅದರ ಬೆನ್ನಿಗೇ ಸ್ವಿಂಗ್ (ಕುಣಿಸುವ ಜಾಝ್). ಹಾಡುವವರು ಯಾರೂ ಇಲ್ಲ.

ಹಾಡುವವರಿಲ್ಲ ಅಂತ ಗೊತ್ತಾದದ್ದೇ ನಮ್ಮ ಆಫೀಸಿನವರು ಸೌಂಡ್‌ಚೆಕ್ ಹೊತ್ತನ್ನು 45 ನಿಮಿಷದಿಂದ 15ಕ್ಕೆ ಇಳಿಸಿದರು. ಮೈಕ್ ಪೆಟ್ಟಿಗೆಯೂ ಹಗುರವಾಯಿತು. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಬಂದದ್ದು ಎರಡೇ. ನನಗೂ ಅದು ತಪ್ಪು ಅನಿಸಲಿಲ್ಲ. ನಾನು ಕೆಲಸ ಕಲಿತದ್ದು ನಮ್ಮೂರ ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ. ಅಲ್ಲಿ ಗಾಯಕರ ದನಿ ಕೊನೇ ಸಾಲಿಗೆ ಕೇಳಿದರೆ ಅರ್ಧ ಗೆದ್ದಂತೆ. ದನಿಯೇ ಇಲ್ಲ ಅಂದಮೇಲೆ ಇನ್ನೇನು ತಲೆನೋವು ಅಂದುಕೊಂಡೆ.

ಎರಡು ಕಂಡೆನ್ಸರನ್ನೂ ವೈಬ್ರಫೋನ್‌ಗೆ ಕೊಟ್ಟೆ. ಡ್ರಮ್ಸ್‌ಗೆ ಓವರ್‌ಹೆಡ್, ಅಂದರೆ ಮೇಲಿನಿಂದ ಇಡೀ ಸೆಟ್ಟನ್ನು ಹಿಡಿಯುವ ಮೈಕ್, ಇಲ್ಲ. ಕಿಕ್, ಸ್ನೇರ್, ಫ್ಲೋರ್ ಟಾಮ್, ಮೂರೇ ಮೈಕ್. ಹಿಂದಿನ ದಿನದ ರಾಕ್ ಬ್ಯಾಂಡಿನ ಸೀನ್ (ಮಿಕ್ಸರಿನಲ್ಲಿ ಉಳಿಸಿಟ್ಟ ಸೆಟ್ಟಿಂಗ್) ಲೋಡ್ ಮಾಡಿ, ಪ್ರತಿ ಮೈಕಿನಿಂದ ಸದ್ದು ಬರುತ್ತಿದೆಯಾ ಅಂತ ನೋಡುವ ಲೈನ್ ಚೆಕ್ ಮುಗಿಸಿದೆ. ಸ್ನೇರ್ ಮೇಲೆ ಗೇಟ್ ಇತ್ತು, ಥ್ರೆಶೋಲ್ಡ್ ಅನ್ನುವ ಒಂದು ಮಟ್ಟ ದಾಟದ ಸದ್ದನ್ನು ತಡೆಯುವ ಬಾಗಿಲು. ಸರ್ಫ್ ಟ್ಯೂನಿಗೆ ಅದು ಸರಿಯಾಗಿಯೇ ಕೂತಿತ್ತು.

ಮೊದಲ ಮೂರು ಟ್ಯೂನ್ ಚೆನ್ನಾಗಿ ಹೋದವು. ಗಿಟಾರಿನವರ ಬಳಿ ಹಳೇ ಮಾದರಿಯ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆ ಇತ್ತು, ಸ್ಪ್ರಿಂಗ್‌ಗಳಿಂದ ಸದ್ದಿಗೆ ಮಾರ್ದನಿ ಕೊಡುವಂಥದ್ದು. ಫೆಂಡರ್ ಕಂಪನಿ ಇಂಥದ್ದನ್ನು 1961ರಲ್ಲಿ ಹೊರತಂದಿತು. ಆ ವರ್ಷವೇ ಸರ್ಫ್ ಗಿಟಾರಿಸ್ಟ್ ಡಿಕ್ ಡೇಲ್ ಇದೇ ಕಡಲ ದಂಡೆಯ ರಾಂಡೆವೂ ಬಾಲ್‌ರೂಮಿನಲ್ಲಿ ಹುಡುಗರನ್ನು ಕುಣಿಸುತ್ತಿದ್ದರು. ರಿವರ್ಬ್ ತನಗೆ ಮೊದಲು ಬೇಕಾಗಿದ್ದದ್ದು ಹಾಡುವ ದನಿಗೆ ಅಂತ ಡೇಲ್ ಹೇಳಿಕೊಂಡಿದ್ದಾರೆ. ಆಮೇಲೆ ಅದು ಗಿಟಾರಿಗೆ ಬಂತು, ಗಿಟಾರೇ ಹಾಡತೊಡಗಿತು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಹಾಡುವವರಿಲ್ಲ ಅಂದುಕೊಂಡೇ ಕೂತಿದ್ದೆ.

ನಾಲ್ಕನೆಯದು ಲೌಂಜ್. 1957ರಲ್ಲಿ ಮಾರ್ಟಿನ್ ಡೆನ್ನಿ ‘ಎಕ್ಸಾಟಿಕಾ’ ಆಲ್ಬಮ್ಮಿನಲ್ಲಿ ಹಿಡಿಸಿದ ಹುಚ್ಚಿನ ಜಾತಿಯದು. ವೈಬ್ರಫೋನ್ ನಿಧಾನವಾಗಿ ತೇಲುತ್ತಿದೆ, ಜನ ಮಾತು ನಿಲ್ಲಿಸಿದ್ದಾರೆ. ಡ್ರಮ್ಮರ್ ಕೋಲು ಬಿಟ್ಟು ತಂತಿ ಎಳೆಗಳ ಬ್ರಷ್ ತೆಗೆದುಕೊಂಡರು. ಸ್ನೇರ್ ಮೇಲೆ ಕೈ ಸುತ್ತುತ್ತಿರುವುದು ಕಾಣುತ್ತಿದೆ. ಸದ್ದು ಮಾತ್ರ ಇಲ್ಲ. ಚೂರೂ ಇಲ್ಲ.

ಸ್ನೇರಿನ ಫೇಡರ್ (ಸದ್ದು ಏರಿಳಿಸುವ ಗುಂಡಿ) ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ, ಮೇಲಿನ ತುದಿ ಮುಟ್ಟಿತು. ಡ್ರಮ್ಮರ್ ಒಮ್ಮೆ ನನ್ನ ಕಡೆ ನೋಡಿದರು. ಕೇಬಲ್ ಹೋಗಿದೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಸ್ನೇರ್ ಕೇಬಲ್ ಬದಲಿಸು ಅಂತ ಕಾಮ್ಸ್‌ನಲ್ಲಿ ಸ್ಟೇಜ್ ಹುಡುಗನಿಗೆ ಹೇಳಿದೆ. ಅವನು ಬಗ್ಗಿಕೊಂಡು ಗಿಟಾರ್ ಆಂಪ್ ಹಿಂದಿನಿಂದ ನುಸುಳಿದ. ಅವನ ಮೊಣಕಾಲು ರಿವರ್ಬ್ ಪೆಟ್ಟಿಗೆಗೆ ತಗುಲಿತು.

ಸ್ಪ್ರಿಂಗ್ ಪೆಟ್ಟಿಗೆ ಅಲುಗಾಡಿದರೆ ಎಂಥ ಸದ್ದು ಬರುತ್ತದೆ ಅನ್ನೋದು ಕೇಳಿದವರಿಗೇ ಗೊತ್ತು. ತಗಡಿನ ಮನೆ ಮೇಲೆ ಸಿಡಿಲು ಬಿದ್ದ ಹಾಗೆ. ಆ ಮೆಲ್ಲನೆಯ ಟ್ಯೂನಿನ ನಡುವೆ. ವೈಬ್ರಫೋನ್ ನುಡಿಸುತ್ತಿದ್ದವರ ಕೈ ಒಂದು ಕ್ಷಣ ನಿಂತೇಹೋಯಿತು.

ಅಲ್ಲಿಗೂ ಮುಗಿಯಲಿಲ್ಲ. ಮುಂದಿನದು ಸ್ವಿಂಗ್. ಡ್ರಮ್ಮರ್ ಮತ್ತೆ ಕೋಲು ಹಿಡಿದರು. ಫೇಡರ್ ಇನ್ನೂ ಮೇಲೇ ಇತ್ತು. ಮೊದಲ ಏಟು ಪಟಾಕಿಯ ಹಾಗೆ ಹೊಡೆಯಿತು. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಮಗುವಿನ ಕಿವಿ ಮುಚ್ಚಿದರು. ಫೇಡರ್ ಇಳಿಸುವಾಗಲೇ ಕಂಡದ್ದು, ಗೇಟಿನ ಪುಟ್ಟ ದೀಪ. ಏಟು ಬಿದ್ದಾಗ ಹಸಿರು, ಬಿಟ್ಟಾಗ ಕೆಂಪು. ಕೇಬಲ್‌ಗೆ ಏನೂ ಆಗಿರಲಿಲ್ಲ. ಬ್ರಷ್ಷಿನ ಸದ್ದು ಆ ಥ್ರೆಶೋಲ್ಡ್ ದಾಟುವಷ್ಟು ಇರಲೇ ಇಲ್ಲ. ಪೂರ್ತಿ ನಾಲ್ಕು ನಿಮಿಷ ಆ ಮನುಷ್ಯನ ಕೆಲಸವನ್ನು ನಾನು ಬಾಗಿಲು ಹಾಕಿ ಒಳಗೇ ಕೂಡಿಹಾಕಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಹೇಳಿದೆ: ತಪ್ಪು ನನ್ನದು, ಸ್ಟೇಜ್ ಹುಡುಗನದಲ್ಲ. ಅವರು ಬೈಯಲಿಲ್ಲ. ಬ್ರಷ್ ತೆಗೆದು ಸ್ನೇರ್ ಮೇಲೆ ಸುಮ್ಮನೆ ಒಂದು ಸುತ್ತು ಎಳೆದರು. “ಇಷ್ಟೇ ಸದ್ದು” ಅಂದರು. ಒಲೆ ಮೇಲೆ ಹಾಲು ಕಾಯುವಾಗ ಅಂಚಿನಲ್ಲಿ ಸಣ್ಣಗೆ ಕೇಳುತ್ತದಲ್ಲ, ಅಷ್ಟು. ಆದರೆ ಆ ಟ್ಯೂನಿನ ಉಸಿರೇ ಅದು.

ಈಗ ನನ್ನ ಇನ್‌ಪುಟ್ ಲಿಸ್ಟಿನಲ್ಲಿ ಡ್ರಮ್ಸ್ ಎದುರು ಇನ್ನೊಂದು ಕಾಲಂ ಇದೆ: ಕೋಲಾ, ಬ್ರಷ್ಷಾ, ಮ್ಯಾಲೆಟ್ಟಾ. ಸೆಟ್‌ಲಿಸ್ಟ್ ಕೇಳಿ ಇಸಿದುಕೊಳ್ಳುತ್ತೇನೆ. ಪ್ರತಿ ಟ್ಯೂನಿನಲ್ಲೂ ರಾಗ ಯಾರ ಕೈಯಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಗಿಟಾರ್, ಆಮೇಲೆ ಸ್ಯಾಕ್ಸ್, ಆಮೇಲೆ ವೈಬ್ರಫೋನ್. ಇಂಥ ಬ್ಯಾಂಡಿನಲ್ಲಿ ಗಾಯಕರ ಜಾಗ ಖಾಲಿ ಇರುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಬೆರಳು ಅದರ ಹಿಂದೆಯೇ ಓಡಬೇಕು. ಒಬ್ಬ ಗಾಯಕರನ್ನು ಮಿಕ್ಸ್ ಮಾಡುವುದಕ್ಕಿಂತ ಇದು ಜಾಸ್ತಿ ಕೆಲಸ. 15 ನಿಮಿಷದಲ್ಲಿ ಆಗುವಂಥದ್ದಲ್ಲ.

ಇದನ್ನೇ ಆಫೀಸಿಗೆ ಮೂರು ಸಲ ಬರೆದೆ. ಸೌಂಡ್‌ಚೆಕ್ 30 ನಿಮಿಷಕ್ಕೆ ಏರಿತು. ಕಂಡೆನ್ಸರ್ ಮೈಕ್ ಮಾತ್ರ ಇನ್ನೂ ಎರಡೇ. ಮುಂದಿನ ತಿಂಗಳು ಅದೇ ಬ್ಯಾಂಡ್ ಮತ್ತೆ ಬರುತ್ತಿದೆ. ಓವರ್‌ಹೆಡ್‌ಗೆ ನನ್ನ ಸ್ವಂತ ದುಡ್ಡಿನ ಒಂದು ಜೋಡಿ ಮೈಕ್ ಆಗಲೇ ಚೀಲದಲ್ಲಿ ಇಟ್ಟಿದ್ದೇನೆ.